ಕೊಟ್ಟಿಗೆಯ ಜಾವಾಕ್ಕೆ ಬೆಲೆ ಕಟ್ಟಿದ್ದು

ವಿಮೆಯವರ ಲೆಕ್ಕದಲ್ಲಿ ಗಾಡಿಯ ಬೆಲೆಗೆ ಐದೇ ವರ್ಷ ಆಯುಷ್ಯ. ಮೊದಲ ಆರು ತಿಂಗಳಿಗೆ ನೂರಕ್ಕೆ 5 ಕಳೆಯುತ್ತಾರೆ, ವರ್ಷ ತುಂಬುವಾಗ 15, ನಾಲ್ಕು ದಾಟಿ ಐದಕ್ಕೆ ಬಂದರೆ 50. ಅದರಾಚೆ ಕೋಷ್ಟಕ ನಿಂತುಬಿಡುತ್ತದೆ. ಆಮೇಲೆ ಕಂಪನಿಯವರೂ ಮಾಲೀಕನೂ ಕೂತು ಒಪ್ಪಿಕೊಂಡದ್ದೇ ಬೆಲೆ. ಸರ್ಕಾರದ ಗುಜರಿ ನೀತಿಯನ್ನು ಕೇಳಿದರೆ ಅದು ಹೊಸ ಗಾಡಿಯ ಷೋರೂಂ ಬೆಲೆಯ ನೂರಕ್ಕೆ 4ರಿಂದ 6 ಎನ್ನುತ್ತದೆ. ಅರ್ಧ ಶತಮಾನದ ಹಿಂದಿನ ಫಟಫಟಿ ಈ ಎರಡು ಲೆಕ್ಕಕ್ಕೂ ಸಿಗುವುದಿಲ್ಲ.

ಚಿಕ್ಕೋಡಿ ತಾಲೂಕಿನ ಹೊಳೆದಂಡೆಯ ಒಂದು ಊರಿನ ಹುಡುಗ, ಈಗ ಪುಣೆಯಲ್ಲಿ ನೌಕರಿ ಮಾಡುವವನು, ಅಜ್ಜನ ಗಾಡಿಗೆ ಬೆಲೆ ಹೇಳಿರೆಂದು ನನ್ನನ್ನು ಕೇಳಿದ. ಊರಿಗೆ ಬರುವ ಭಂಗಾರದವನು ತೂಕದ ಲೆಕ್ಕ ಹೇಳಿ ಹೋಗಿದ್ದ. ಕೊಲ್ಹಾಪುರದ ಒಬ್ಬ ಗಿರಾಕಿ ಫೋನಿನಲ್ಲಿ ಫೋಟೊ ನೋಡಿಯೇ ಅದರ ಎಷ್ಟೋ ಪಟ್ಟು ಕೂಗಿದ್ದ. ಇಬ್ಬರೂ ಕಾಗದ ಕೇಳಿರಲಿಲ್ಲ. ನನಗೆ ಅಲ್ಲೇ ಅನುಮಾನ ಹುಟ್ಟಿತು. ಗಡಿಭಾಗದಲ್ಲಿ ಕಬ್ಬಿಣದ ಬೆಲೆಯನ್ನು ಯಾರು ಬೇಕಾದರೂ ಹೇಳುತ್ತಾರೆ, ಆದರೆ ಕಾಗದ ಯಾವ ಕಚೇರಿಯಲ್ಲಿದೆ ಎಂದು ಗೊತ್ತಾಗುವವರೆಗೆ ಅದು ಬರೀ ಮಾತು.

“ಎಪ್ಪತ್ತೊಂದರ ಗಾಡಿ ಐತ್ರೀ ಸರ. ಅಜ್ಜಾರು ತಂಬಾಕ ಮಾರಿ ನಿಪ್ಪಾಣಿಯಿಂದ ತಂದಿದ್ರಂತ” ಎಂದ ಹುಡುಗ. ಟ್ಯಾಂಕಿನ ಮೇಲೆ ಮಾತ್ರ ಯೆಜ್ಡಿ ಎಂದಿತ್ತು. ಇಲ್ಲೇ ಒಂದು ಗಂಟು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಚೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ ಗಾಡಿಗಳನ್ನು ಮಾಡುತ್ತಿತ್ತು. ಯೆಜ್ಡಿ ಎಂಬ ಹೆಸರು ಬಂದದ್ದು 1973ರಿಂದ. ಹಾಗಾದರೆ ಅಜ್ಜನ ಇಸವಿ ತಪ್ಪಿರಬೇಕು, ಇಲ್ಲವೇ ಟ್ಯಾಂಕು ಬೇರೆ ಗಾಡಿಯದಾಗಿರಬೇಕು. ಪೇಟೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ. ಜಾವಾಕ್ಕೆ ಹೆಚ್ಚು ಕಾಸು ಸಿಗುತ್ತದೆಂದು ಯೆಜ್ಡಿಗೆ ಜಾವಾ ಬ್ಯಾಡ್ಜು ಹಚ್ಚುತ್ತಾರೆ. ಆರಂಭದ ಯೆಜ್ಡಿಗೂ ಜಾವಾಕ್ಕೂ ಮೈಕಟ್ಟು ಅಷ್ಟು ಹತ್ತಿರ. ಕಿಕ್ ಹೊಡೆಯುವ ಲಿವರೇ ಗೇರ್ ಹಾಕುವ ಲಿವರೂ ಆಗುವ ಆ ಚಮತ್ಕಾರ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಎಲ್ಲ ಅದೇ.

ಹೆಸರಿನ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, 2001ರಲ್ಲಿ ಹೈಕೋರ್ಟ್ ಕಂಪನಿಯ ಸಮಾಪನಕ್ಕೆ ಆದೇಶಿಸಿತು. ಆಮೇಲೂ ಯೆಜ್ಡಿ ಎಂಬ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯ ನಡೆಯಿತು. 2022ರ ಡಿಸೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದು ಸಮಾಪನದಲ್ಲಿರುವ ಕಂಪನಿಯದ್ದೇ ಎಂದಿತು, ಪ್ರಕರಣ ಮೇಲ್ಮನವಿಗೆ ಹೋಯಿತು. ಕಾರ್ಖಾನೆ ಹೋದರೂ ಹೆಸರಿಗೆ ಬೆಲೆ ಉಳಿದದ್ದು ನಿಜ. ನಮ್ಮ ಕೆಲಸಕ್ಕೆ ಇದರಿಂದ ಆದ ಲಾಭ ಇಷ್ಟೆ: ಮೈಸೂರಿಗೆ ಪತ್ರ ಬರೆದು “ಈ ಚಾಸಿಸ್ ಯಾವ ವರ್ಷದ್ದು” ಎಂದು ಕೇಳುವ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಹುಡುಕಬೇಕಾದದ್ದು ಗಾಡಿಯ ಕುತ್ತಿಗೆಯಲ್ಲೇ. ಹ್ಯಾಂಡಲ್ ಕೆಳಗೆ ಕುಟ್ಟಿದ ಚಾಸಿಸ್ ನಂಬರಿನ ಮೇಲೆ ಮೂರು ಪದರ ಬಣ್ಣ, ಅದರ ಮೇಲೆ ಜಿಡ್ಡು. ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ತೆಳುಹಾಳೆ ಇಟ್ಟು, ಸೀಸದ ಕಡ್ಡಿ ಅಡ್ಡ ಹಿಡಿದು ಉಜ್ಜಿದರೆ ಅಂಕಿ ಒಂದೊಂದಾಗಿ ಬಿಳಿಯಾಗಿ ಮೂಡುತ್ತದೆ. ಆರ್‌ಟಿಓ ಕೇಳುವ ಪೆನ್ಸಿಲ್ ಪ್ರಿಂಟ್ ಎಂದರೆ ಇದೇ. ಅಂಕಿಗಳ ಸಾಲು ನೆಟ್ಟಗಿದೆಯೇ, ನಡುವೆ ಗ್ರೈಂಡರ್ ಆಡಿಸಿದ ತಗ್ಗು ಇದೆಯೇ ಎಂದು ಕಣ್ಣಿಗಿಂತ ಈ ಹಾಳೆ ಚೆನ್ನಾಗಿ ಹೇಳುತ್ತದೆ. ತಗ್ಗು ಇರಲಿಲ್ಲ.

ಆದರೆ ಬರೀ ಚಾಸಿಸ್ ನಂಬರು ಹಿಡಿದು ಆರ್‌ಟಿಓದ ಹಳೇ ನೋಂದಣಿ ಪುಸ್ತಕದಲ್ಲಿ, ಎಂದರೆ ಬಿ ರಿಜಿಸ್ಟರಿನಲ್ಲಿ, ಹುಡುಕಲಾಗದು. ಅದು ನೋಂದಣಿ ಸಂಖ್ಯೆಯ ಕ್ರಮದಲ್ಲಿರುತ್ತದೆ. ನಂಬರ್ ಪ್ಲೇಟು ತುಕ್ಕು ತಿಂದಿತ್ತು. ಆರ್‌ಸಿ ಪುಸ್ತಕ ಕಾಣೆ. ಇಲ್ಲಿ ಮೊದಲ ಪ್ರಶ್ನೆ ಯಾವ ರಾಜ್ಯದ ಗಾಡಿ ಎಂಬುದು. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಕಾಗವಾಡದವರಿಗೆ ಮೀರಜ್, ಸಾಂಗ್ಲಿ. ರಾಯಬಾಗವಂತೂ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನದ್ದೇ. ಈ ಸೀಮೆ 1956ರಲ್ಲಿ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ಜನರ ಸಂತೆ ಮಾತ್ರ ಆ ಕಡೆಯೇ ಉಳಿಯಿತು. ಗಾಡಿ ಮಹಾರಾಷ್ಟ್ರದ್ದಾಗಿದ್ದರೆ ಮೊದಲು ಆ ಕಡೆಯ ಕಚೇರಿಯಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ತರಬೇಕು. ಅಷ್ಟು ಹಳೆಯ ಗಾಡಿಗೆ ಅದನ್ನು ತಂದವರನ್ನು ನಾನು ಕಂಡಿಲ್ಲ.

ಅಜ್ಜಿಯ ಟ್ರಂಕಿನ ತಳದಲ್ಲಿ ವಿಮೆಯ ಒಂದು ಚೀಟಿ ಸಿಕ್ಕಿತು. ನಂಬರು ಎಂವೈ ಎಂದು ಶುರುವಾಗಿತ್ತು, ಎಂದರೆ ಮೈಸೂರು ರಾಜ್ಯದ್ದು. ಆಗ ಈ ಸೀಮೆಗೆಲ್ಲ ಬೆಳಗಾವಿಯೇ ಆರ್‌ಟಿಓ; ಚಿಕ್ಕೋಡಿಯ ಕೆಎ-23 ಆಮೇಲೆ ಬಂತು, ಅಥಣಿಯ ಕೆಎ-71 ಇನ್ನೂ ಈಚಿನದು. ಆ ರಿಜಿಸ್ಟರಿನ ನಕಲಿಗೆ, ಎಂದರೆ ಬಿ ಎಕ್ಸ್‌ಟ್ರಾಕ್ಟಿಗೆ, ಅರ್ಜಿ ಹಾಕಿ, ಕಾದು, ಪಡೆದ ಹಾಳೆಯಲ್ಲಿ ಮೂರು ಸಂಗತಿ ಇದ್ದವು. ಮೊದಲ ನೋಂದಣಿ 1972. ತಯಾರಿಕೆ ಜಾವಾ. ಚಾಸಿಸ್ ಮತ್ತು ಎಂಜಿನ್ ನಂಬರು ನಮ್ಮ ಪೆನ್ಸಿಲ್ ಹಾಳೆಗೆ ತಾಳೆ. ಅಂದರೆ ಟ್ಯಾಂಕು ಮಾತ್ರ ಎಲ್ಲಿಂದಲೋ ಬಂದದ್ದು. ಅಜ್ಜನ ನೆನಪು ಒಂದು ವರ್ಷ ಆಚೀಚೆ, ಅಷ್ಟೆ.

ಅದೇ ಹಾಳೆಯಲ್ಲಿ ಒಂದು ಸಹಕಾರಿ ಸಂಘದ ಸಾಲದ ನಮೂದೂ ಇತ್ತು. ಹೊಲದ ಉತಾರದಲ್ಲಿ ಬೋಜಾ ಇಳಿಸದೆ ಬಿಟ್ಟ ಹಾಗೆ, ಸಾಲ ತೀರಿ ಎಷ್ಟೋ ಕಾಲವಾದರೂ ಇದನ್ನು ತೆಗೆಸಿರಲಿಲ್ಲ. ತೆಗೆಸುವ 35ನೇ ನಮೂನೆಗೆ ಸಂಘದ ಸಹಿ ಬೇಕು. ಅಜ್ಜ ತೀರಿಕೊಂಡಿರುವುದರಿಂದ ವಾರಸಾ ಮಾಡಿಸಲು 31ನೇ ನಮೂನೆ. ನೋಂದಣಿಯ ಅವಧಿ ಯಾವಾಗಲೋ ಮುಗಿದಿದೆ. 2022ರ ಏಪ್ರಿಲ್‌ನಿಂದ ಬೈಕಿನ ನವೀಕರಣ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತು, ತಡವಾದ ಪ್ರತಿ ತಿಂಗಳಿಗೆ 300 ಬೇರೆ; 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಬೈಕಿಗೆ ಅದು 2,000 ಆಯಿತು. ಇದನ್ನೆಲ್ಲ ಕೂಡಿಸಿದರೆ ಭಂಗಾರದವನ ಬೆಲೆ ಕಾಗದಕ್ಕೇ ಸಾಲದು.

1972 ಎಂಬ ಆ ಅಂಕಿಯಿಂದ ಇನ್ನೊಂದು ಬಾಗಿಲು ತೆರೆಯಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ಜುಲೈ ನಿಯಮಗಳಲ್ಲಿ ವಿಂಟೇಜ್ ದರ್ಜೆ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ದಿನಬಳಕೆಗೆ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ. ಹಾಲಿನ ಕ್ಯಾನು ಕಟ್ಟಿ ಡೈರಿಗೆ ಹೋಗುವವನಿಗೆ ಇದು ಬೇಡ. ಕೊಲ್ಹಾಪುರದ ಗಿರಾಕಿಗೆ ಬೇಕಾದದ್ದು ಇದೇ.

ಇನ್ನು ಕಬ್ಬಿಣದ ವಿಚಾರ. 2019ರ ಆಗಸ್ಟ್ ಮತ್ತು 2021ರ ಜುಲೈಯಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಈ ತಾಲೂಕುಗಳ ಊರೂರೇ ಎದ್ದು ಗಂಜಿಕೇಂದ್ರ ಸೇರಿದವು. ಹೊಳೆದಂಡೆಯಲ್ಲಿ ನಿಂತ ಹಳೇ ಗಾಡಿಗೆ ವರ್ಷ ಕೇಳುವ ಮೊದಲು ನೀರು ಕೇಳಬೇಕು. “ಕೊಟ್ಟಿಗಿಗೆ ನೀರ ಹತ್ತಿಲ್ರೀ” ಎಂದು ಹುಡುಗ ಆಣೆ ಮಾಡಿದ. ಅಂಕಲಿಯಿಂದ ಬಂದಿದ್ದ ಮಿಸ್ತ್ರಿ ಮಾತಾಡದೆ ಬಲಗಡೆಯ ಕವರ್ ಬಿಚ್ಚಿದರು. ಡೈನಮೊದ ಸುತ್ತ, ಅರ್ಧಕ್ಕೆ ಗೆರೆ ಎಳೆದಂತೆ, ಕೆಳಗೆ ನುಣ್ಣನೆಯ ಒಣ ಕೆಸರು, ಮೇಲೆ ಬರೀ ಧೂಳು. “ನೀರ ಒಳಗ ಹೋಗೈತ್ರಿ. ಕ್ರ್ಯಾಂಕ್ ಬೇರಿಂಗ್ ಹಿಡಿದಿರತಾವ.” ಪ್ಲಗ್ ತೆಗೆದು ಡೀಸೆಲ್ ಸುರಿದು ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಕಿಕ್ ಸ್ವಲ್ಪ ದೂರ ಇಳಿದು ಗರಕ್ಕೆಂದಿತು. ಪಿಸ್ಟನ್ ಬಿಟ್ಟಿದೆ, ಬೇರಿಂಗ್ ಬಿಟ್ಟಿಲ್ಲ ಎಂದು ಅವರ ತೀರ್ಮಾನ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಗತಿ. ನಿಂತ ಗಾಡಿಗೆ ಅದೂ ಇಲ್ಲ.

ಹುಡುಗನಿಗೆ ಹೇಳಿದ್ದು ಹೀಗೆ. ಇವತ್ತು ಇದ್ದ ಹಾಗೆ ಕೊಟ್ಟರೆ ಕೊಲ್ಹಾಪುರದವನು ಹೇಳಿದ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೇಳಬೇಡ, ಅವನೂ ಬಂದು ಕವರ್ ಬಿಚ್ಚುತ್ತಾನೆ. ಸಂಘದ ಪತ್ರ, ವಾರಸಾ ಎರಡೂ ಆದರೆ ಪೂರ್ತಿ ಬೆಲೆ ಕೇಳು. ಬಿ ಎಕ್ಸ್‌ಟ್ರಾಕ್ಟು ಮತ್ತು ಪೆನ್ಸಿಲ್ ಹಾಳೆ ಮುಂದಿಟ್ಟೇ ಮಾತಾಡು. ಜಾವಾ ಟ್ಯಾಂಕು ಹುಡುಕುವ ಖರ್ಚು ಗಿರಾಕಿಗೇ ಬಿಡು. ಯೆಜ್ಡಿ ಟ್ಯಾಂಕನ್ನು ಭಂಗಾರಕ್ಕೆ ಹಾಕಬೇಡ, ಅದಕ್ಕೂ ಕೇಳುವವರಿದ್ದಾರೆ. ಹುಡುಗ ಪುಣೆಗೆ ಹೋಗುವ ಮುಂಚೆ ಸಂಘದ ಕಾರ್ಯದರ್ಶಿಗೆ ಅರ್ಜಿ ಕೊಟ್ಟು ಹೋದ.