ತಂದೆಯ ಹೆಸರಿನ ಮುಂದಿನ ಖಾಲಿ ಜಾಗ

ಶಾಲೆಗೆ ಸೇರುವಾಗ, ಪರೀಕ್ಷೆಗೆ ಕಟ್ಟುವಾಗ, ವಿದ್ಯಾರ್ಥಿವೇತನ ಕೇಳುವಾಗ ನೀವು ಎಷ್ಟೋ ಅರ್ಜಿಗಳನ್ನು ತುಂಬಿದ್ದೀರಿ. ನಿಮ್ಮ ಹೆಸರು ಬರೆದ ಮೇಲೆ ಬರುವ ಸಾಲು ‘ತಂದೆಯ ಹೆಸರು’. ನಿಮ್ಮಲ್ಲಿ ಹೆಚ್ಚಿನವರು ಯೋಚಿಸದೆಯೇ ಅದನ್ನು ಬರೆದುಬಿಡುತ್ತೀರಿ. ಆದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕೆಲವು ಮಕ್ಕಳ ಪೆನ್ನು ಆ ಸಾಲಿಗೆ ಬಂದೊಡನೆ ನಿಂತುಬಿಡುತ್ತಿತ್ತು. ಅವರ ತಾಯಂದಿರು ದೇವದಾಸಿಯರಾಗಿದ್ದರು. ಕಾನೂನು ಎಂದರೆ ವಿಧಾನಸೌಧದ, ನ್ಯಾಯಾಲಯದ ಸಂಗತಿ ಎಂದು ನಾವು ತಿಳಿದಿರುತ್ತೇವೆ. ಅದು ನಮ್ಮ ಪೆನ್ನಿನ ಮೊನೆಯವರೆಗೂ ಬರುತ್ತದೆ ಎಂಬುದನ್ನು ಈ ಒಂದು ಸಾಲಿನ ಇತಿಹಾಸದಿಂದ ತಿಳಿಯೋಣ.

ಮೊದಲು ಪದ್ಧತಿಯ ಬಗ್ಗೆ ಎರಡು ಮಾತು. ಹೆಣ್ಣುಮಗುವಿನ ಕೊರಳಿಗೆ ಕೆಂಪು-ಬಿಳಿ ಮಣಿಗಳ ಸರ ಕಟ್ಟಿ ದೇವಿಗೆ ಬಿಡುವುದಕ್ಕೆ ಈ ಭಾಗದಲ್ಲಿ ‘ಮುತ್ತು ಕಟ್ಟುವುದು’ ಎನ್ನುತ್ತಾರೆ. ಸವದತ್ತಿಯ ಗುಡ್ಡದಲ್ಲಿ, ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ ಎಲ್ಲಮ್ಮನ ಗುಡಿಗಳಿವೆ. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ಪ್ರಾಯಕ್ಕೆ ಬಂದ ಮೇಲೆ ಅವಳು ಯಾರೋ ಒಬ್ಬ ಗಂಡಸಿನ ಆಶ್ರಯದಲ್ಲಿ ಬಾಳಬೇಕು, ಆದರೆ ಅವಳ ಮಕ್ಕಳಿಗೆ ಅವನ ಹೆಸರು ಸಿಗದು. ಹೀಗೆ ಬಿಡಲ್ಪಟ್ಟವರಲ್ಲಿ ಬಹುಪಾಲು ದಲಿತ ಮನೆತನದ ಹುಡುಗಿಯರು.

ಇದನ್ನು ತಡೆಯುವ ಕಾನೂನು ಇತ್ತೀಚಿನದೇನಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಇಲ್ಲಿನ ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ನಿಪ್ಪಾಣಿ ಬಹುಕಾಲ ಚಿಕ್ಕೋಡಿ ತಾಲ್ಲೂಕಿನ ಪೇಟೆಯಾಗಿತ್ತು. ಈಗ ಅದೂ ಕಾಗವಾಡವೂ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಕೊಲ್ಲಾಪುರದ ಶಾಹೂ ಮಹಾರಾಜರು 1920ರಲ್ಲಿಯೇ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿದರು. ಮುಂಬಯಿ ಪ್ರಾಂತದಲ್ಲಿ ದೇವದಾಸಿ ಸಂರಕ್ಷಣಾ ಕಾನೂನು ಬಂದದ್ದು 1934ರಲ್ಲಿ. ಎಂದರೆ ನಡುವಿನ ಹದಿನಾಲ್ಕು ವರ್ಷ ರಾಯಬಾಗದ ಹುಡುಗಿಗೆ ಕಾಗದದ ಮೇಲಾದರೂ ಇದ್ದ ರಕ್ಷಣೆ, ಕೆಲವೇ ಮೈಲಿ ದೂರದ ಚಿಕ್ಕೋಡಿಯ ಹುಡುಗಿಗೆ ಇರಲಿಲ್ಲ. ಮದರಾಸು ಪ್ರಾಂತದಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೀರ್ಘಕಾಲ ಹೋರಾಡಿದ ಮೇಲೆ ಅಲ್ಲಿನ ನಿಷೇಧ 1947ರಲ್ಲಿ ಬಂತು.

ಇಷ್ಟಾದರೂ ಪದ್ಧತಿ ನಿಲ್ಲಲಿಲ್ಲ. ಏಕೆ? ನಾನು ಓದಿದ್ದು ವಿಜ್ಞಾನ. ಪ್ರಯೋಗ ಕೈಕೊಟ್ಟಾಗ ಕಾರಣ ಹುಡುಕಬೇಕೆಂದು ಅಲ್ಲಿ ಕಲಿಸುತ್ತಾರೆ. ಇಲ್ಲಿಯೂ ಕಾರಣ ಹುಡುಕೋಣ. ಭಕ್ತಿ ಒಂದು ಕಾರಣ, ಜಾತಿಯ ಮೇಲುಕೀಳು ಇನ್ನೊಂದು, ಬಡತನ ಮತ್ತೊಂದು. ಇವುಗಳ ಜೊತೆಗೆ ನಾಲ್ಕನೆಯದೊಂದಿದೆ. ಗಂಡುಮಗನಿಲ್ಲದ ಮನೆಯಲ್ಲಿ ವೃದ್ಧ ತಂದೆತಾಯಿಯನ್ನು ಸಾಕುವವರು ಯಾರು? ಮದುವೆಯಾದ ಮಗಳು ಪರರ ಮನೆಗೆ ಹೋಗುತ್ತಾಳೆ. ಮುತ್ತು ಕಟ್ಟಿದ ಮಗಳು ಮನೆಯಲ್ಲೇ ಉಳಿಯುತ್ತಾಳೆ. ರೂಢಿಯ ಪ್ರಕಾರ ಅವಳಿಗೆ ಮಗನ ಸ್ಥಾನ, ಮನೆಯ ಹಕ್ಕು, ಮನೆಯ ಹೊಣೆ. ಮಗಳನ್ನು ಮಗಳಾಗಿಯೇ ವಾರಸುದಾರಳೆಂದು ಒಪ್ಪದ ಸಮಾಜ, ಅವಳನ್ನು ದೇವಿಗೆ ಬಿಟ್ಟ ಮೇಲೆ ಒಪ್ಪುತ್ತಿತ್ತು! 1934ರ ಕಾನೂನು ‘ಮಾಡಬೇಡಿ’ ಎಂದಿತು. ಮುಪ್ಪಿನಲ್ಲಿ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

1956ರಲ್ಲಿ ಬೆಳಗಾವಿ ಜಿಲ್ಲೆ ನಮ್ಮ ರಾಜ್ಯಕ್ಕೆ ಸೇರಿತು. 1982ರಲ್ಲಿ ಕರ್ನಾಟಕ ತನ್ನದೇ ಆದ ದೇವದಾಸಿ ಸಮರ್ಪಣೆ ನಿಷೇಧ ಕಾನೂನನ್ನು ರೂಪಿಸಿತು. ಅದು ಜಾರಿಗೆ ಬಂದದ್ದು 1984ರಲ್ಲಿ. ಸಮರ್ಪಣೆ ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ. ಮಾಡಿದವರು ತಂದೆತಾಯಿ, ಪೋಷಕರು ಅಥವಾ ಬಂಧುಗಳಾದರೆ ಐದು ವರ್ಷದವರೆಗೆ. ಮುತ್ತು ಕಟ್ಟಿಸಿಕೊಂಡವಳೂ ಮದುವೆಯಾಗಬಹುದು, ಆ ಮದುವೆ ಸಿಂಧು ಎಂದೂ ಕಾನೂನು ಹೇಳಿತು. ಇನ್ನೊಂದು ಮಾತನ್ನು ಗಮನಿಸಿ: ಹೆಣ್ಣು ಒಪ್ಪಿದ್ದರೂ ಸರಿ, ಒಪ್ಪದಿದ್ದರೂ ಸರಿ, ಸಮರ್ಪಣೆ ಅಸಿಂಧು.

ಇಲ್ಲಿ ನಿಮ್ಮಲ್ಲೊಬ್ಬರು ಎದ್ದು ಕೇಳಬಹುದು: ‘ಒಪ್ಪಿದ್ದರೂ ಅಸಿಂಧು ಎಂದರೆ ವ್ಯಕ್ತಿಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲವೇ? ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ ಹಕ್ಕು ಕೊಟ್ಟಿದೆಯಲ್ಲ?’ ಒಳ್ಳೆಯ ಪ್ರಶ್ನೆ. ಅದೇ ವಿಧಿ ಆ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಡಿಸಿದೆ. ಸಮಾಜ ಸುಧಾರಣೆಗೆ ಕಾನೂನು ಮಾಡುವ ಅಧಿಕಾರವನ್ನೂ ಸರಕಾರಕ್ಕೆ ಬಿಟ್ಟಿದೆ. ಅದಕ್ಕಿಂತ ಸರಳ ಉತ್ತರ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನಲ್ಲಿದೆ. ಆ ಊರಿನ ಸೀತವ್ವ ಜೋಡಟ್ಟಿಯವರಿಗೆ ಮುತ್ತು ಕಟ್ಟಿದಾಗ ಅವರ ವಯಸ್ಸು ಏಳು. ಏಳು ವರ್ಷದ ಮಗುವಿನ ಒಪ್ಪಿಗೆಗೆ ಏನು ಅರ್ಥ? ಬೇಡ ಎನ್ನಲು ಶಕ್ತಿಯಿಲ್ಲದವರ ‘ಹೂಂ’ಕಾರವನ್ನು ಸ್ವಾತಂತ್ರ್ಯವೆಂದು ಕರೆಯಲಾಗದು.

ಆದರೂ ಜೈಲಿನ ಭಯ ಪದ್ಧತಿಯನ್ನು ಅಳಿಸಿಹಾಕಲಿಲ್ಲ. ಹಿಂದೆ ಬಹಿರಂಗವಾಗಿ ನಡೆಯುತ್ತಿದ್ದುದು ಗುಟ್ಟಾಗಿ ನಡೆಯತೊಡಗಿತು. 1990ರ ದಶಕದಲ್ಲಿ ಸರಕಾರದ ನೀತಿ ಇನ್ನೊಂದು ಹೆಜ್ಜೆ ಇಟ್ಟಿತು. ಗುರುತಿಸುವಿಕೆ, ಸಾಲ-ಸಹಾಯಧನ, ಉದ್ಯೋಗ ತರಬೇತಿ, ಮುಂದೆ ಮಾಸಾಶನ ಬಂದವು. 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. 2007-08ರ ಸಮೀಕ್ಷೆಯ ನಂತರ ಆ ಸಂಖ್ಯೆ 46,660 ಆಯಿತು. ಪದ್ಧತಿ ಇಮ್ಮಡಿಯಾಯಿತೆಂದು ಅವಸರದಿಂದ ತೀರ್ಮಾನಿಸಬೇಡಿ. ಎರಡನೆಯ ಸಂಖ್ಯೆಯಲ್ಲಿ ಮೊದಲನೆಯದೂ ಸೇರಿದೆ. ಮೊದಲ ಸಲ ಬಿಟ್ಟುಹೋದವರು, ಹೆಸರು ಹೇಳಲು ಅಂಜಿದವರು ಎರಡನೆಯ ಸಲ ಮುಂದೆ ಬಂದಿರಬಹುದು. ಅಂಕಿಯ ಹಿಂದೆ ಮನುಷ್ಯರಿದ್ದಾರೆ ಎಂಬುದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

1997ರಲ್ಲಿ ಈ ಜಿಲ್ಲೆಯ ಮಾಜಿ ದೇವದಾಸಿಯರು ತಮ್ಮದೇ ಸಂಘಟನೆ ಕಟ್ಟಿಕೊಂಡರು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಚಿಕ್ಕದಾಗಿ ‘ಮಾಸ್’. ಊರಲ್ಲಿ ಮುತ್ತು ಕಟ್ಟುವ ಸುಳಿವು ಪೊಲೀಸರಿಗಿಂತ ಮೊದಲು ಹತ್ತುವುದು ಇಂಥ ಹೆಂಗಸರಿಗೆ. ಆ ಕಷ್ಟ ಉಂಡವರ ಮಾತಿಗೆ ತಾಯಂದಿರು ಕಿವಿಗೊಡುತ್ತಾರೆ. ಸೀತವ್ವ ಇದೇ ಸಂಸ್ಥೆಯ ಮುಂದಾಳಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇತ್ತ 1994ರಲ್ಲಿ ಕರ್ನಾಟಕವು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಅದು ಬಂತು. ಇದು ದೇವದಾಸಿಯರಿಗೆಂದು ಮಾಡಿದ ಕಾನೂನಲ್ಲ. ಭೂಮಿಯೇ ಇಲ್ಲದ ಮನೆಗೆ ಇದರಿಂದ ಲಾಭವೂ ಕಡಿಮೆ. ಆದರೂ ಮಗಳು ಮನೆಗೆ ವಾರಸುದಾರಳಾಗಲು ಕೊರಳಿಗೆ ಮುತ್ತು ಬೇಕಿಲ್ಲ ಎಂಬ ಮಾತು ಅದರಲ್ಲಿತ್ತು.

ಈಗ ಅರ್ಜಿಯ ಆ ಸಾಲಿಗೆ ಮರಳೋಣ. 2025ರಲ್ಲಿ ರಾಜ್ಯ ವಿಧಾನಮಂಡಲ ದೇವದಾಸಿಯರ ಬಗ್ಗೆ ಹೊಸ ಮಸೂದೆಯನ್ನು ಅಂಗೀಕರಿಸಿತು. ದೇವದಾಸಿಯ ಮಕ್ಕಳು ತಂದೆಯ ಹೆಸರನ್ನು ಕಡ್ಡಾಯವಾಗಿ ಬರೆಯಬೇಕಾಗಿಲ್ಲ. ತಂದೆ ಯಾರೆಂದು ಗುರುತಿಸಿ, ಅವನಿಂದ ಜೀವನಾಂಶವನ್ನೂ ಆಸ್ತಿಯಲ್ಲಿ ಪಾಲನ್ನೂ ಕೇಳಬಹುದು ಎಂಬ ಅಂಶಗಳು ಅದರಲ್ಲಿವೆ. 1920ರಿಂದ ಎಣಿಸಿದರೆ ನೂರೈದು ವರ್ಷ. ಮೊದಲ ಕಾನೂನುಗಳು ಮುತ್ತು ಕಟ್ಟುವ ಕೈಯನ್ನು ತಡೆಯಲು ನೋಡಿದವು. ಹುಟ್ಟಿದ ಮಗುವಿನ ಮುಖ ನೋಡಲು ಇಷ್ಟು ಕಾಲ ಬೇಕಾಯಿತು.

ಮುಂದಿನ ಸಲ ನಿಮ್ಮ ತರಗತಿಯಲ್ಲಿ ಅರ್ಜಿ ತುಂಬುವಾಗ ಪಕ್ಕದ ಗೆಳತಿಯೋ ಗೆಳೆಯನೋ ಆ ಸಾಲಿನಲ್ಲಿ ತಡವರಿಸಿದರೆ, ‘ಯಾಕೆ ಬರೆಯಲಿಲ್ಲ?’ ಎಂದು ಕೇಳಬೇಡಿ. ತಾಯಿಯ ಹೆಸರು ಸಾಕು ಎಂದು ಹೇಳಿ. ಕಚೇರಿಯವರು ಒಪ್ಪದಿದ್ದರೆ, ನಿಮ್ಮ ಅಧ್ಯಾಪಕರನ್ನು ಕರೆದುಕೊಂಡು ಜೊತೆಗೆ ಹೋಗಿ.