ಮೂರನೆಯ ಸಂಕೇತ: ಗಣತಿ, ಪೊಲೀಸ್ ದಾಖಲೆ ಮತ್ತು ದುರ್ಗದ ಸೀಮೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಟ್ಟಿಗಳಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಒಂದು ಸಂಗತಿ ಬೇಗ ಮನದಟ್ಟಾಗುತ್ತದೆ. ಪ್ರಶ್ನೆಯನ್ನು ಯಾರಿಗೆ ಕೇಳಿದರೂ ಉತ್ತರ ಬರುವುದು ಜಗುಲಿಯ ಮೇಲೆ ಕುಳಿತ ಹಿರಿಯರಿಂದ. ಗಣತಿದಾರರ ಅನುಭವವೂ ಇದಕ್ಕಿಂತ ಭಿನ್ನವಲ್ಲ. ಲಿಂಗತ್ವ ಮತ್ತು ಲೈಂಗಿಕ ಒಲವಿನ ಬಗೆಗೆ ಸರ್ಕಾರಿ ಸಮೀಕ್ಷೆಗಳು ನೀಡುವ ಅಂಕಿಅಂಶಗಳನ್ನು ಈ ಜಗುಲಿಯನ್ನು ಮರೆತು ಓದಲಾಗದು.

ಮೈಸೂರು ಸೀಮೆಯ ಮೊದಲ ಜನಗಣತಿ ನಡೆದದ್ದು 1871ರಲ್ಲಿ. ಅದೇ ವರ್ಷ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯನ್ನು ತಂದು, ಅದರ ಎರಡನೆಯ ಭಾಗದಲ್ಲಿ ಹಿಜ್ರಾ ಸಮುದಾಯದವರ ಹೆಸರು, ವಾಸಸ್ಥಳಗಳ ದಾಖಲೆ ಇಡಲು ಅವಕಾಶ ಕಲ್ಪಿಸಿತು. ಅದು ಮುಖ್ಯವಾಗಿ ಉತ್ತರ ಭಾರತದಲ್ಲಿ ಜಾರಿಗೊಂಡ ಕಾನೂನು, ಮೈಸೂರಿನದಲ್ಲ. ಆದರೂ ಎಣಿಸುವುದು ಮತ್ತು ಶಂಕಿಸುವುದು ಒಂದೇ ಆಡಳಿತದ ಎರಡು ಕೈಗಳಾದದ್ದು ಆಗಲೇ. ಸ್ವತಂತ್ರ ಭಾರತದ ಗಣತಿಯೂ ಈ ಸಮುದಾಯವನ್ನು ಪ್ರತ್ಯೇಕವಾಗಿ ಗುರುತಿಸಲಿಲ್ಲ. 2001ರ ಸೂಚನೆಯಂತೆ ಇವರಿಗೆಲ್ಲ ಗಂಡು ಎಂಬ ಸಂಕೇತವನ್ನೇ ಬರೆಯಬೇಕಾಗಿತ್ತು.

2011ರಲ್ಲಿ ‘ಇತರೆ’ ಎಂಬ ಮೂರನೆಯ ಸಂಕೇತ ಬಂದಿತು. ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266 ಮಂದಿ ದಾಖಲಾದರು. ದೇಶದ ಸಂಖ್ಯೆಯಲ್ಲಿ 54,854 ಮಂದಿ ಆರು ವರ್ಷದೊಳಗಿನ ಮಕ್ಕಳು! ಆ ವಯಸ್ಸಿನ ಮಗು ತನ್ನನ್ನು ತಾನೇ ಹಾಗೆ ಗುರುತಿಸಿಕೊಂಡಿತೆಂದು ನಂಬುವುದು ಕಷ್ಟ. ಮುಖ್ಯ ಕೋಷ್ಟಕಗಳಲ್ಲಿ ಇವರು ಪುರುಷರೊಳಗೇ ಸೇರಿಹೋದರು. ಚಿತ್ರದುರ್ಗ ಜಿಲ್ಲೆಯ 16,59,456 ಜನರ ಲೆಕ್ಕವೂ ಹೀಗೆಯೇ ಸಿದ್ಧವಾದುದು. ಅದೇ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36-ಎ ಪ್ರಕರಣ ಸೇರ್ಪಡೆಯಾಗಿ, ಶಂಕಿತರಾದ ಹಿಜ್ರಾಗಳ ದಾಖಲೆ ಇಡುವ ಅಧಿಕಾರ ಪೊಲೀಸ್ ಕಮಿಷನರರಿಗೆ ದೊರೆಯಿತು. ಚಿತ್ರದುರ್ಗದಲ್ಲಿ ಕಮಿಷನರ್ ಹುದ್ದೆಯಿಲ್ಲ, ನಿಜ. ಆದರೆ ಬೆಂಗಳೂರಿಗೆ ದುಡಿಯಲು ಹೋದವರು ಈ ಸೀಮೆಯವರೂ ಆಗಿರಬಹುದಲ್ಲವೆ? ಒಂದೇ ವರ್ಷದಲ್ಲಿ ಒಂದು ನಮೂನೆ ‘ಹೇಳಿಕೊಳ್ಳಿ’ ಎಂದಿತು. ಇನ್ನೊಂದು ಪುಸ್ತಕ ಹೇಳಿಕೊಂಡವರನ್ನು ಹಿಡಿದಿಡಲು ಸಿದ್ಧವಾಯಿತು. ಮುಂದೆ ಈ ಪ್ರಕರಣ ಹೈಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿ ತಿದ್ದುಪಡಿಯಾಯಿತು.

ಒಲವಿನ ವಿಚಾರಕ್ಕೆ ಬಂದರೆ, ಗಣತಿಯಲ್ಲಿ ಅದಕ್ಕೆ ಸಂಕೇತವೇ ಇಲ್ಲ. ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಸಮೀಕ್ಷೆಗಳು ‘ಪುರುಷರೊಡನೆ ಲೈಂಗಿಕ ಸಂಪರ್ಕವುಳ್ಳ ಪುರುಷರು’ ಎಂಬ ವರ್ಗವನ್ನು ಬಳಸಿದವು. ಅದು ಸೋಂಕಿನ ಅಪಾಯದ ಅಳತೆ; ಪ್ರೀತಿಯ ಅಳತೆಯಲ್ಲ, ಹೆಣ್ಣುಮಕ್ಕಳಂತೂ ಅದರ ಹೊರಗೇ ಉಳಿದರು. ಸಮುದಾಯದವರು ಬಳಸುವ ‘ಕೋಥಿ’ ಎಂಬ ಪದ ಮಹಾಪ್ರಾಣ ತಪ್ಪಿದರೆ ಕನ್ನಡದಲ್ಲಿ ಮಂಗವಾಗುತ್ತದೆ! ಭಾಷೆಯರಿಯದ ನಮೂನೆ ಅವಮಾನವನ್ನೂ ಅಚ್ಚು ಹಾಕಬಲ್ಲದು. ಜೋಗಪ್ಪನಿಗಾದರೋ ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡ ಗುರುತಿದೆ. ಅದು ಊರೆದುರು ಪಡೆದದ್ದು, ದೇವಿಯ ಹೆಸರಿನಲ್ಲಿ ಒಪ್ಪಿತವಾದದ್ದು. ಅದನ್ನು ‘ಇತರೆ’ ಎಂದು ಬರೆದುಕೊಂಡರೆ ಉಳಿಯುವುದೇನು?

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಸ್ವಯಂ ಗುರುತನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧಗಳು 377ನೆಯ ಕಲಮಿನಿಂದ ಮುಕ್ತವಾದವು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಮೂಲಹಂತದ ಸಮೀಕ್ಷೆ ಆರಂಭವಾಯಿತು. ಈ ಬಾರಿ ಗಣತಿದಾರ ಮನೆಗೆ ಬರಲಿಲ್ಲ. ಬಯಸಿದವರು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಿತ್ತು. ಜಗುಲಿಯ ಹಿರಿಯರ ಕಣ್ಣು ತಪ್ಪಿತೆಂಬುದು ಒಳಿತೇ. ಆದರೆ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಹಿಂದೆ ನಿಂತವರು ಅದೇ ಊರಿನವರಾಗಿರುತ್ತಾರೆ.