ಚುಕ್ಕಿ, ಕಥೆ, ಒಪ್ಪಿಗೆ: ವಿದ್ಯಾರ್ಥಿಗಳ ಚಿತ್ರಗಳಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿ ಸಂಕೇತಗಳು

ಆಸ್ಟ್ರೇಲಿಯಾದ ಮೂಲನಿವಾಸಿಗಳ ಸಂಕೇತಗಳನ್ನು ಬಳಸುವ ಮೊದಲು ಆ ಸಮುದಾಯದ ಒಪ್ಪಿಗೆ ಪಡೆಯಬೇಕು, ಮೂಲವನ್ನು ಹೆಸರಿಸಬೇಕು, ಗೋಪ್ಯವಾದುದನ್ನು ಮುಟ್ಟಬಾರದು. ಇಷ್ಟರ ಮಟ್ಟಿಗೆ ವಿದ್ವಾಂಸರಲ್ಲಿ ಈಗ ಹೆಚ್ಚಿನ ಭಿನ್ನಮತವಿಲ್ಲ. 1990ರ ದಶಕದ ಕೊನೆಯಲ್ಲಿ ಬಂದ, ಕಾನೂನು ತಜ್ಞೆ ಟೆರ್ರಿ ಜಾಂಕೆ ಅವರ ‘ಅವರ್ ಕಲ್ಚರ್: ಅವರ್ ಫ್ಯೂಚರ್’ ವರದಿ ಈ ತತ್ವಗಳನ್ನು ವಿವರವಾಗಿ ಮಂಡಿಸಿತು. ತಕರಾರು ಉಳಿದಿರುವುದು ಶಾಲೆಯ ಚಿತ್ರಕಲಾ ತರಗತಿಯಲ್ಲಿ. ಮೂಲನಿವಾಸಿಗಳಲ್ಲದ ಮಕ್ಕಳಿಂದ ಚುಕ್ಕಿಚಿತ್ರ ಬರೆಸಬಾರದು ಎಂಬುದು ಅಲ್ಲಿನ ಶಿಕ್ಷಕರಿಗೆ ಸಾಮಾನ್ಯವಾಗಿ ಸಿಗುವ ಸಲಹೆ. ಸಲಹೆಯ ಹಿಂದಿನ ಕಾಳಜಿ ಪ್ರಶ್ನಾತೀತ. ಆದರೆ ಅದು ಗಡಿರೇಖೆಯನ್ನು ತಂತ್ರದ ಮೇಲೆ ಎಳೆಯುತ್ತದೆ. ಮೂಲನಿವಾಸಿಗಳು ತಾವಾಗಿ ಎಳೆದುಕೊಂಡ ಗಡಿ ಅನೇಕ ಕಡೆ ಬೇರೆಯೇ ಇದೆ.

ಚುಕ್ಕಿಚಿತ್ರದ ಈಗಿನ ರೂಪ ಬಹಳ ಹಳೆಯದಲ್ಲ. ಆಲಿಸ್ ಸ್ಪ್ರಿಂಗ್ಸ್‌ನ ಪಶ್ಚಿಮಕ್ಕೆ ಸುಮಾರು 240 ಕಿ.ಮೀ. ದೂರದ ಪಪುನ್ಯಾದಲ್ಲಿ 1971ರಲ್ಲಿ ಶಿಕ್ಷಕ ಜೆಫ್ರಿ ಬಾರ್ಡನ್ ಮಕ್ಕಳನ್ನು ತಮ್ಮದೇ ವಿನ್ಯಾಸಗಳನ್ನು ಬರೆಯಲು ಪ್ರೋತ್ಸಾಹಿಸಿದರು. ಕೊನೆಗೆ ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಚಿತ್ರ ಮೂಡಿಸಿದವರು ಮಕ್ಕಳಲ್ಲ. ಕಾಪಾ ಜಂಪಿಜಿನ್ಪಾ ಮುಂದಾಳಾಗಿ ಊರಿನ ಹಿರಿಯರು. ಇದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಜೇನಿರುವೆಯ ಕಥೆಯನ್ನು ಚಿತ್ರಿಸುವ ಹಕ್ಕು ಹಿರಿಯರದಾಗಿತ್ತು. ಬಿಳಿಯರ ಶೈಲಿಯ ಇರುವೆಗಳನ್ನು ಬಿಟ್ಟು ತಮ್ಮವೇ ಸಂಕೇತಗಳನ್ನು ಬಳಸಿ ಎಂದು ಬಾರ್ಡನ್ ಸೂಚಿಸಿದ್ದರು. ಹೊರಗಿನವನೊಬ್ಬ ‘ಅಪ್ಪಟತನ’ವನ್ನು ಕೇಳಿ ಪಡೆದ ಈ ವೈಚಿತ್ರ್ಯಕ್ಕೆ ಕಲಾಚರಿತ್ರೆ ಇನ್ನೂ ಸಾಕಷ್ಟು ಗಮನ ಕೊಟ್ಟಂತಿಲ್ಲ. ಆ ಗೋಡೆಗೆ ಮುಂದೆ ಬಣ್ಣ ಬಳಿಯಲಾಯಿತು. 1972ರಲ್ಲಿ ಪಪುನ್ಯಾ ಟುಲಾ ಕಲಾವಿದರ ಸಂಸ್ಥೆ ರೂಪುಗೊಂಡು ಹಲಗೆ ಮತ್ತು ಕ್ಯಾನ್ವಾಸಿನ ಚಿತ್ರಗಳು ಹಬ್ಬಿದವು. ಮೊದಲ ಹಂತದ ಕೆಲವು ಚಿತ್ರಗಳಲ್ಲಿ ಗೋಪ್ಯ ವಿಷಯಗಳು ಬಯಲಾದವೆಂದು ಮೂಲನಿವಾಸಿಗಳಿಂದಲೇ ಆಕ್ಷೇಪ ಬಂತು. ಆ ಆಕ್ಷೇಪ ಕಥೆ ಮತ್ತು ವಿನ್ಯಾಸ ಕುರಿತದ್ದು, ಚುಕ್ಕಿ ಇಡುವ ಕೈಚಳಕ ಕುರಿತದ್ದಲ್ಲ. ಗುಟ್ಟನ್ನು ಮರೆಮಾಡಲೆಂದೇ ಚುಕ್ಕಿ ದಟ್ಟವಾಯಿತು ಎಂಬ ಜನಪ್ರಿಯ ವಿವರಣೆಯನ್ನು ಪೂರ್ತಿ ಒಪ್ಪಬೇಕಿಲ್ಲ. ಒಪ್ಪಿದರೂ ಚುಕ್ಕಿ ಪರದೆಯಾಗುತ್ತದೆ, ಗುಟ್ಟಾಗುವುದಿಲ್ಲ.

ಈ ವಾದಕ್ಕೆ ಮಿತಿಗಳಿವೆ. ಚುಕ್ಕಿಯ ಬೇರು ಆಚರಣೆಗಳ ನೆಲಚಿತ್ರ ಮತ್ತು ಮೈಬಣ್ಣಗಳಲ್ಲಿದೆ. ಅದನ್ನು ಬರೀ ಅಲಂಕಾರವೆನ್ನಲಾಗದು. ಅದು ಇಂದು ಮೂಲನಿವಾಸಿ ಅಸ್ಮಿತೆಯ ಗುರುತಾಗಿರುವುದರಿಂದ ಹಗುರವಾದ ಬಳಕೆ ನೋವುಂಟುಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮಧ್ಯ ಮರುಭೂಮಿಗೆ ಹೊಂದುವ ಮಾತು ಉತ್ತರದ ಆರ್ನೆಮ್ ಲ್ಯಾಂಡ್‌ಗೆ ಹೊಂದುವುದಿಲ್ಲ. ಅಲ್ಲಿನ ‘ರಾರ್ಕ್’ ಎಂಬ ಸೂಕ್ಷ್ಮ ಅಡ್ಡಗೆರೆಗಳ ಹೆಣಿಗೆಯೇ ಕುಲಗಳಿಗೆ ಸೇರಿದ ಸೊತ್ತು. ತಂತ್ರ ಮತ್ತು ಹಕ್ಕನ್ನು ಅಲ್ಲಿ ಬಿಡಿಸುವುದು ಕಷ್ಟ. ಆದ್ದರಿಂದ ಇಡೀ ಖಂಡಕ್ಕೆ ಒಂದೇ ನಿಯಮ, ಅದು ನಿಷೇಧವಿರಲಿ ಅನುಮತಿಯಿರಲಿ, ಸಲ್ಲದು.

ಪ್ರಕಟವಾದ ಚಿತ್ರವನ್ನು ವಿದ್ಯಾರ್ಥಿ ನಕಲು ಮಾಡಬಹುದೇ ಎಂಬುದು ಇದಕ್ಕೆ ಅಂಟಿಕೊಂಡ ಪ್ರಶ್ನೆ. ‘ಕಂಬಳಿ ಪ್ರಕರಣ’ವೆಂದೇ ಹೆಸರಾದ 1994ರ ಮಿಲ್ಪುರ್ರುರು ಮೊಕದ್ದಮೆ ಇಲ್ಲಿ ಹೊಸ ಓದನ್ನು ಬೇಡುತ್ತದೆ. ವಿಯೆಟ್ನಾಮಿನಲ್ಲಿ ನೇಯ್ದು ತರಿಸಿದ ನೆಲಗಂಬಳಿಗಳಲ್ಲಿ ಬಂಡುಕ್ ಮರಿಕಾ ಮೊದಲಾದವರ ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸಲಾಗಿತ್ತು. ನ್ಯಾಯಾಲಯ ಎಂಟು ಕಲಾವಿದರ ಪರವಾಗಿ 1.88 ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚಿನ ಪರಿಹಾರ ವಿಧಿಸಿತು. ಸಾಮಾನ್ಯವಾಗಿ ಮರೆತುಹೋಗುವ ಅಂಶವೆಂದರೆ, ಮರಿಕಾ ಅವರ ಚಿತ್ರ ಮೊದಲು ಅಚ್ಚಾದದ್ದು ಅವರದೇ ಒಪ್ಪಿಗೆಯಿಂದ. ಬಿಳಿಯ ಸಮಾಜಕ್ಕೆ ತಮ್ಮ ಸಂಸ್ಕೃತಿಯ ತಿಳಿವಳಿಕೆ ಮೂಡಲಿ ಎಂಬ ಶೈಕ್ಷಣಿಕ ಉದ್ದೇಶದಿಂದ. ಅವರು ಕೊಟ್ಟದ್ದು ನೋಡಿ ತಿಳಿಯುವ ಅವಕಾಶ. ಅದನ್ನೇ ಬಿಡಿಸುವ ಅವಕಾಶವೆಂದು ಹಿಗ್ಗಿಸಲು ಆಧಾರ ಕಾಣುವುದಿಲ್ಲ. ತೀರ್ಪು ವಾಣಿಜ್ಯ ಬಳಕೆಗೆ ಸಂಬಂಧಿಸಿದ್ದು, ತರಗತಿಯ ಅಭ್ಯಾಸದ ಬಗ್ಗೆ ಅದು ಏನನ್ನೂ ನಿರ್ಣಯಿಸಿಲ್ಲ. ಕೃತಿಸ್ವಾಮ್ಯ ಕಾನೂನು ಕಲಿಕೆಗೆ ರಿಯಾಯಿತಿಯನ್ನೂ ಕೊಡುತ್ತದೆ. ಹೀಗಾಗಿ ಇಲ್ಲಿ ಮಂಡಿಸಿದ್ದು ಕಾನೂನಿನ ಮಾತಲ್ಲ, ಒಪ್ಪಿಗೆಯ ವ್ಯಾಪ್ತಿ ಕುರಿತ ಊಹೆ ಮಾತ್ರ. ಅಭ್ಯಾಸ ಪುಸ್ತಕದಲ್ಲಿ ಉಳಿಯುವ ನಕಲಿಗಿಂತ ಶಾಲಾ ಗೋಡೆಗೋ ವಾರ್ಷಿಕ ಸಂಚಿಕೆಗೋ ಏರುವ ನಕಲಿಗೆ ಇದು ಹೆಚ್ಚು ಅನ್ವಯಿಸೀತು.

ಹಾಗಾದರೆ ಕೇಳಬೇಕಾದದ್ದು ಯಾರನ್ನು? ಮಧ್ಯ ಮರುಭೂಮಿಯ ವಾರ್ಲ್‌ಪಿರಿ ಸಮುದಾಯದಲ್ಲಿ ತಂದೆಯ ಕಡೆಯಿಂದ ಕಥೆಯ ಹಕ್ಕು ಬಂದ ‘ಕಿರ್ದಾ’ಗಳ ಜೊತೆಗೆ ತಾಯಿಯ ಕಡೆಯಿಂದ ಉಸ್ತುವಾರಿ ಪಡೆದ ‘ಕುರ್ದುಂಗುರ್ಲು’ಗಳೂ ಇರುತ್ತಾರೆ. ಇನ್ನೊಂದು ಕೃತಿಸ್ವಾಮ್ಯ ಮೊಕದ್ದಮೆಯಾದ 1998ರ ಬುಲುನ್ ಬುಲುನ್ ಪ್ರಕರಣದ ತೀರ್ಪು ಕಲಾವಿದನ ಕುಲಕ್ಕೆ ಸಾಮೂಹಿಕ ಕೃತಿಸ್ವಾಮ್ಯವನ್ನು ಕೊಡದಿದ್ದರೂ, ಕಲಾವಿದನಿಗೆ ಕುಲದ ಕಡೆಗೆ ವಿಶ್ವಾಸದ ಹೊಣೆಯಿದೆ ಎಂದು ಗುರುತಿಸಿತು. ಒಬ್ಬ ಕಲಾವಿದರ ತಲೆದೂಗುವಿಕೆಯೇ ಎಲ್ಲ ಸಂದರ್ಭಗಳಲ್ಲೂ ಸಾಕೆನ್ನಲಾಗದು. ದೂರದ ನಗರದ ಶಾಲೆ ಈ ಸರಪಳಿಯನ್ನು ತಲುಪುವುದು ಹೇಗೆ ಎಂಬುದಕ್ಕೆ ಸಿದ್ಧ ಉತ್ತರವಿಲ್ಲ.

ಕರ್ನಾಟಕದ ಶಾಲಾ ಗೋಡೆಗಳ ಮೇಲೆ ಈಗ ಸಾಮಾನ್ಯವಾಗಿರುವ ವಾರ್ಲಿ ಚಿತ್ರಗಳಿಗೆ ಈ ಅಳತೆಗೋಲು ಎಷ್ಟು ಒದಗೀತು ಎಂಬುದನ್ನೂ ಪರಿಶೀಲಿಸಬೇಕಿದೆ. ತಾರ್ಪಾ ವಾದ್ಯದ ಸುತ್ತ ಕುಣಿಯುವವರ ಸುರುಳಿಯನ್ನು ವಾರ್ಲಿ ಕಲಾವಿದರೇ ಮಾರುಕಟ್ಟೆಗೆ ತಂದಿದ್ದಾರೆ. ಮದುವೆಯಲ್ಲಿ ಮುತ್ತೈದೆಯರು ಅಕ್ಕಿಹಿಟ್ಟಿನಿಂದ ಬರೆಯುವ ಪಾಲಘಟ ದೇವಿಯ ‘ಚೌಕ’ದ ಸ್ಥಾನ ಬೇರೆ. ಇವೆರಡರ ನಡುವಿನ ಗೆರೆ ಎಲ್ಲಿದೆಯೆಂದು ಹೇಳಬೇಕಾದವರು ಆ ಚೌಕ ಬರೆಯುವ ಮಹಿಳೆಯರು.